ಸಾಮಾನು ಲಾರಿಯಲ್ಲಿ ಬಂತು, ವಿಳಾಸ ಬರಲಿಲ್ಲ

ಹಾಸನದಿಂದ ಚಿಕ್ಕಮಗಳೂರಿಗೆ ಬೇಲೂರಿನ ಮೇಲೆ ಅರವತ್ತು ಕಿಲೋಮೀಟರ್ ಚಿಲ್ಲರೆ. ವರ್ಗಾವಣೆ ಆರ್ಡರ್ ಬಂದ ದಿನ ನಮ್ಮ ಯಜಮಾನರು, "ಇಲ್ಲೇ ಪಕ್ಕದ ಊರು, ಒಂದು ದಿನದ ಕೆಲಸ" ಅಂದರು. ಸಾಮಾನಿನ ಮಟ್ಟಿಗೆ ಆ ಮಾತು ನಿಜವೇ ಆಯಿತು. ಬೆಳಿಗ್ಗೆ ಹೊರಟ ಲಾರಿ ಮಧ್ಯಾಹ್ನದ ಊಟದ ಹೊತ್ತಿಗೆ ಹೊಸ ಮನೆ ಮುಂದೆ ನಿಂತಿತ್ತು. ಉಳಿದದ್ದಕ್ಕೆ ತಿಂಗಳುಗಳೇ ಹಿಡಿದವು. ಗ್ಯಾಸು, ಆಧಾರ್, ಕರೆಂಟು, ಮಗನ ಶಾಲೆ, ಅಂಚೆ, ವೋಟು, ಒಂದೊಂದೂ ಒಂದೊಂದು ಕಥೆ. ನಿಮಗೂ ಊರು ಬಿಡುವ ಯೋಗ ಬಂದಿದ್ದರೆ ಓದಿಕೊಳ್ಳಿ. ಸ್ವಲ್ಪವಾದರೂ ಓಡಾಟ ಉಳಿಯಬಹುದು.

ಮನೆ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಕಾರಣ ಸರಳ. ಶಕ್ತಿ ಯೋಜನೆಯಲ್ಲಿ ನನಗೆ ಬಸ್ ಪುಕ್ಕಟೆ, ಅವರಿಗೆ ದುಡ್ಡು. ಆಧಾರ್ ತೋರಿಸಿದರೆ ಕಂಡಕ್ಟರ್ ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಡುತ್ತಾರೆ. ಕಿಟಕಿ ಪಕ್ಕ ಸೀಟು ಸಿಕ್ಕರೆ ಬೇಲೂರಿನ ತನಕ ಆರಾಮಾಗಿ ಓದಬಹುದು. ಮನೆಯಲ್ಲಿ ಅರ್ಧಕ್ಕೇ ನಿಂತಿದ್ದ ಎರಡು ಕಾದಂಬರಿ ಈ ಓಡಾಟದಲ್ಲೇ ಮುಗಿದವು. ಬೇಲೂರು ಬಸ್ ಸ್ಟ್ಯಾಂಡಿನಲ್ಲಿ ಬಸ್ ಸ್ವಲ್ಪ ಹೊತ್ತು ನಿಲ್ಲುತ್ತದೆ. ಉಪ್ಪು ಖಾರ ಸವರಿದ ಸೌತೆಕಾಯಿ ಕಿಟಕಿಗೇ ಬರುತ್ತದೆ. ಆ ಕೈಯಲ್ಲಿ ಮತ್ತೆ ಪುಸ್ತಕ ಮುಟ್ಟುವಂತಿಲ್ಲ, ಅಷ್ಟೇ ತೊಂದರೆ.

ಮಗ ರೈಲಿನಲ್ಲಿ ಹೋಗೋಣ ಅಂತ ಹಟ ಹಿಡಿದಿದ್ದ. ಹಾಸನದಿಂದ ಬೇಲೂರಿನ ಮೇಲೆ ಚಿಕ್ಕಮಗಳೂರಿಗೆ ರೈಲು ಇನ್ನೂ ಇಲ್ಲ. ಈಗ ಹೋಗಬೇಕೆಂದರೆ ಅರಸೀಕೆರೆ, ಕಡೂರು ಸುತ್ತಿಕೊಂಡು ಹೋಗಬೇಕು. ಚಿಕ್ಕಮಗಳೂರು ರೈಲು ಕಂಡದ್ದೇ 2013ರಲ್ಲಿ, ಅದೂ ಕಡೂರಿನ ಕಡೆಯಿಂದ. ಮ್ಯಾಪ್ ತೋರಿಸಿದ ಮೇಲೆ ಸುಮ್ಮನಾದ.

ಚಿಕ್ಕಮಗಳೂರಿನಲ್ಲಿ ಬಾಡಿಗೆ ಮನೆ ಸಿಗುವುದು ಈಗ ಕಷ್ಟ. ಸ್ವಲ್ಪ ಅಂಗಳ, ಎರಡು ರೂಮು ಇದ್ದರೆ ಸಾಕು, ಮಾಲೀಕರಿಗೆ ಹೋಂಸ್ಟೇ ಕನಸು ಬೀಳುತ್ತದೆ. ಶನಿವಾರ ಭಾನುವಾರ ಗಿರಿ ನೋಡಲು ಬರುವವರಿಂದ ಸಿಗುವ ದುಡ್ಡಿನ ಮುಂದೆ ನಮ್ಮ ತಿಂಗಳ ಬಾಡಿಗೆ ಏನು ಮಹಾ? ಇಲ್ಲಿಯ ವಿಜಯಪುರ ಬಡಾವಣೆಯಲ್ಲಿ ಒಬ್ಬರು ಎಲ್ಲ ಮಾತಾಡಿ, ಅಡ್ವಾನ್ಸ್ ಕೂಡ ಹೇಳಿ, ಮಾರನೇ ದಿನ ಫೋನ್ ಮಾಡಿ "ಮಗ ಬೇಡ ಅಂತಾನಮ್ಮ" ಅಂದುಬಿಟ್ಟರು. ಇನ್ನೊಂದು ಕಡೆ ಮನೆ ತೋರಿಸುವ ಮೊದಲೇ "ನೀವು ಯಾವ ಜನ?" ಅಂತ ಕೇಳಿದರು. ಆ ಮನೆ ಚೆನ್ನಾಗಿಯೇ ಇದ್ದಿರಬೇಕು. ನಾನು ಒಳಗೆ ಹೋಗಿ ನೋಡಲಿಲ್ಲ. ಕೊನೆಗೆ ಬಸವನಹಳ್ಳಿ ಕಡೆ ಒಂದು ಮನೆ ಸಿಕ್ಕಿತು. ಕೆಳಗೆ ನಾವು, ಮೇಲೆ ಮಾಲೀಕರು. ಬಾಡಿಗೆ 11,000 ರೂ., ಅಡ್ವಾನ್ಸ್ 60,000 ರೂ. ನಾನು ಗೋಡೆಗಳನ್ನೆಲ್ಲ ಮುಟ್ಟಿ ನೋಡಿದೆ. ಮಲೆನಾಡಿನ ಕಡೆ ಮನೆ ಹಿಡಿಯುವವರು ಇದೊಂದನ್ನು ಮರೀಬೇಡಿ. ಬೇಸಿಗೆಯಲ್ಲಿ ಎಲ್ಲ ಗೋಡೆಯೂ ಒಣಗಿಯೇ ಇರುತ್ತದೆ. ಪೇಂಟ್ ಗುಳ್ಳೆ ಎದ್ದಿದೆಯಾ, ಬುಡದಲ್ಲಿ ಬಿಳಿ ಪುಡಿ ಉದುರುತ್ತಾ ಅಂತ ನೋಡಿಕೊಳ್ಳಿ.

ಮನೆ ಸಿಕ್ಕಿದ ಕೂಡಲೇ ಅತ್ತೆ ಪಂಚಾಂಗ ತೆಗೆದರು. ಆಷಾಢದಲ್ಲಿ ಮನೆ ಬದಲಿಸುವ ಹಾಗಿಲ್ಲ. ಶ್ರಾವಣದ ತನಕ ಕಾಯಲು ಯಜಮಾನರ ಆಫೀಸು ಬಿಡುವುದಿಲ್ಲ. ಹಾಗಾಗಿ ಜ್ಯೇಷ್ಠ ಮುಗಿಯುವುದರೊಳಗೆ ಹೊರಡಬೇಕು. ಈ ಲೆಕ್ಕ ನಮ್ಮೊಬ್ಬರದೇ ಅಲ್ವಲ್ಲ? ಊರಿನವರೆಲ್ಲ ಆಷಾಢದ ಮುಂಚೆಯೇ ಹೊರಡುವವರು. ಲಾರಿಯವರಿಗೂ ಅದು ಗೊತ್ತು. ಪ್ಯಾಕರ್ಸ್‌ನವರೊಬ್ಬರು 28,000 ಹೇಳಿದರು. ಇನ್ನೊಬ್ಬರು 22,000ಕ್ಕೆ ಇಳಿದರು, ಆದರೆ ಪುಸ್ತಕದ ಬೀರು ನೋಡಿ ಮತ್ತೆ ಮೇಲಕ್ಕೆ ಹೋದರು. ನಾವು ಎರಡೂ ಬಿಟ್ಟು, ಎಪಿಎಂಸಿ ಹತ್ತಿರ ನಿಲ್ಲುವ ಗಾಡಿಯೊಂದನ್ನು 9,000ಕ್ಕೆ ಮಾತಾಡಿದೆವು. ಏರಿಸುವ, ಇಳಿಸುವ ಕೂಲಿ ಬೇರೆ. ಅದನ್ನು ಎರಡೂ ಊರಿನಲ್ಲಿ ಬೇರೆಬೇರೆ ಕೊಡಬೇಕಾಗುತ್ತದೆ, ಮೊದಲೇ ಕೇಳಿಕೊಳ್ಳಿ.

ಇನ್ನು ಪುಸ್ತಕ. ನಮ್ಮ ಮಾವ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಹೋಗಿ ಕೆಲವು ವರ್ಷ ಆಯಿತು. ಅವರು ಬಿಟ್ಟು ಹೋದ ಆಸ್ತಿ ಅಂದರೆ ಮೂರು ಬೀರು ಪುಸ್ತಕ. ಪ್ರತಿಯೊಂದರ ಮೊದಲ ಪುಟದಲ್ಲಿ ಹಸಿರು ಇಂಕಿನಲ್ಲಿ ಸಹಿ, ತಾರೀಕು, ಕೊಂಡ ಊರು, ಕೊಟ್ಟ ದುಡ್ಡು. "ಹಾಸನ, 12-4-78, ರೂ. 6-50" ಹೀಗೆ. ಕೆಲವದರಲ್ಲಿ "ಸಾಲ" ಅಂತಲೂ ಇದೆ. ಯಾರಿಗೆ ಕೊಡಬೇಕಿತ್ತೋ, ತೀರಿಸಿದರೋ ಇಲ್ಲವೋ ಅತ್ತೆಗೂ ಗೊತ್ತಿಲ್ಲ.

ವಿಂಗಡಿಸಲು ಕೂತರೆ ಕೆಲಸ ಮುಂದೆ ಸಾಗುವುದೇ ಇಲ್ಲ. ನಾನು ಒಂದು ತೆಗೆದು ಎರಡು ಪುಟ ಓದುವುದು, ಅತ್ತೆ ಇನ್ನೊಂದು ತೆಗೆದು "ಇದನ್ನ ಅವರು ಧರ್ಮಸ್ಥಳಕ್ಕೆ ಹೋದಾಗ ತಂದಿದ್ದು" ಅಂತ ಶುರು ಮಾಡುವುದು. ಮಧ್ಯೆ ಮಧ್ಯೆ ಬಸ್ ಟಿಕೆಟ್ಟು, ಮದುವೆ ಕರೆಯೋಲೆ, ಒಣಗಿದ ಅರಳಿ ಎಲೆ, ಒಂದು ಹಳೇ ಎಲ್ಐಸಿ ರಸೀದಿ ಸಿಗುತ್ತಿದ್ದವು. ರಸೀದಿ ಯಾವ ಪಾಲಿಸಿಯದು ಅಂತ ಯಜಮಾನರು ಇನ್ನೂ ಹುಡುಕುತ್ತಿದ್ದಾರೆ. ಪುಸ್ತಕ ಅಲುಗಾಡಿಸದೆ ಗುಜರಿಗೆ ಹಾಕಬೇಡಿ.

ಪೆಟ್ಟಿಗೆ ವಿಷಯ. ಪುಸ್ತಕಕ್ಕೆ ದೊಡ್ಡ ಪೆಟ್ಟಿಗೆ ಬೇಡವೇ ಬೇಡ. ತುಂಬಿದ ಮೇಲೆ ಎತ್ತಲು ಆಗುವುದಿಲ್ಲ, ತಳ ಕಳಚಿ ಬೀಳುತ್ತದೆ. ಗಟ್ಟಿ, ಚಿಕ್ಕ, ಒಂದೇ ಅಳತೆಯ ಡಬ್ಬ ಅಂದರೆ ಬಾರಿನವರದ್ದೇ. ಬಿಸ್ಕತ್ತಿನ ಡಬ್ಬ ಅದರ ಮುಂದೆ ನಿಲ್ಲುವುದಿಲ್ಲ. ಡಬ್ಬಕ್ಕೆ 15 ರೂಪಾಯಿಯ ಹಾಗೆ ಕೊಟ್ಟು ಯಜಮಾನರು ಆಟೋದಲ್ಲಿ ತುಂಬಿಸಿಕೊಂಡು ಬಂದರು. ಅತ್ತೆ ಬಾಗಿಲಲ್ಲೇ ತಡೆದರು. "ನಿಮ್ಮಪ್ಪ ಜನ್ಮದಲ್ಲಿ ಮುಟ್ಟದ್ದನ್ನ ಅವರ ಪುಸ್ತಕಕ್ಕೆ ತಂದ್ಯೇನೋ?" ಕೊನೆಗೆ ಹೆಸರು ಕಾಣದ ಹಾಗೆ ಹೊರಗಡೆ ಹಳೇ ಕ್ಯಾಲೆಂಡರ್ ಹಾಳೆ ಅಂಟಿಸಿದೆವು. ಮಾವನವರ ಮಹಾಭಾರತ ವಿಸ್ಕಿ ಡಬ್ಬದಲ್ಲಿ, ಮೇಲೆ ಲಕ್ಷ್ಮಿ ಫೋಟೋ.

ಎಲ್ಲವನ್ನೂ ಕೊಂಡೊಯ್ಯಲು ಹೊಸ ಮನೆಯಲ್ಲಿ ಜಾಗ ಇರಲಿಲ್ಲ. ಕಲಬುರಗಿಯಲ್ಲಿರುವ ನಾದಿನಿ, ಅಪ್ಪನ ವಚನ ಸಾಹಿತ್ಯದ ಪುಸ್ತಕ ತನಗೆ ಬೇಕು ಅಂದಿದ್ದಳು. ಕೊರಿಯರ್‌ನವರು ಕೇಳಿದ ದುಡ್ಡಿಗೆ ಹೊಸದೇ ಕೊಳ್ಳಬಹುದಿತ್ತು. ಅಂಚೆಯಲ್ಲಿ ಮೊದಲಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲೇ ನಿಂತಿದೆ. ಅದರ ಬದಲು 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಅಂತ ಬಂದಿದೆ. ನನಗೆ ಗೊತ್ತಿರಲಿಲ್ಲ, ಅಂಚೆ ಕಚೇರಿಯಲ್ಲಿ ಸಾಲಿನಲ್ಲಿ ನಿಂತಿದ್ದ ಕಾಲೇಜು ಹುಡುಗಿ ಹೇಳಿದಳು. 300 ಗ್ರಾಂ ತನಕ 20 ರೂ., ತೂಕ ಏರಿದ ಹಾಗೆ ಜಾಸ್ತಿಯಾಗಿ 5 ಕಿಲೋಗೆ 100 ರೂ., ಮೇಲೆ ತೆರಿಗೆ. 5 ಕಿಲೋ ಮೀರಿದರೆ ಎರಡು ಕಟ್ಟು ಮಾಡಬೇಕು. ಎಲ್ಲಿದೆ ಅಂತ ಫೋನಿನಲ್ಲೇ ನೋಡಬಹುದು. ನೆಲದ ದಾರಿಯಲ್ಲೇ ಹೋಗುವುದರಿಂದ ನಿಧಾನ, ಅವಸರದ್ದಕ್ಕೆ ಇದು ಆಗಲ್ಲ.

ಇದರಲ್ಲೂ ಒಂದು ತೊಡಕು ಬಂತು. ಪುಸ್ತಕದಲ್ಲಿ ಪ್ರಕಾಶಕರ ಅಥವಾ ಮುದ್ರಕರ ಹೆಸರು ಇರಬೇಕು. ವಾರಪತ್ರಿಕೆ, ಮಾಸಪತ್ರಿಕೆ ಇದರಲ್ಲಿ ಹೋಗುವುದಿಲ್ಲ. ಮಾವ ಹಳೇ ಮಾಸಪತ್ರಿಕೆಗಳನ್ನು ವರ್ಷವಾರು ಹೊಲಿಸಿ ರಟ್ಟು ಹಾಕಿಸಿದ್ದರು. ನೋಡಲು ಪುಸ್ತಕವೇ. ಕೌಂಟರಿನವರು ತೆರೆದು ನೋಡಿ, ತಲೆ ಅಲ್ಲಾಡಿಸಿ ಪಕ್ಕಕ್ಕಿಟ್ಟರು. ಮೊದಲ ಪುಟ ಹರಿದುಹೋಗಿದ್ದ ಇನ್ನೆರಡು ಪುಸ್ತಕವೂ ಹೊರಗೆ ಬಂದವು. ಕಟ್ಟನ್ನು ಗಮ್ ಹಾಕಿ ಪೂರ್ತಿ ಮುಚ್ಚಿಕೊಂಡು ಹೋಗಬೇಡಿ. ಅಲ್ಲೇ ತೋರಿಸಿ ಮುಚ್ಚುವ ಹಾಗೆ ಟೇಪು, ಕತ್ತರಿ ಜೊತೆಯಲ್ಲಿ ಇಟ್ಟುಕೊಳ್ಳಿ.

ಈಗ ಗ್ಯಾಸಿನ ಕಥೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ತುಂಬ ಮನೆಗಳಲ್ಲಿ ಇದೇ ಸ್ಥಿತಿ ಇದೆ. ನಮ್ಮ ಕನೆಕ್ಷನ್ ಇದ್ದದ್ದು ಮಾವನ ಹೆಸರಿನಲ್ಲಿ. ಅವರು ಹೋದ ಮೇಲೂ ಸಿಲಿಂಡರ್ ಬರುತ್ತಿತ್ತು, ದುಡ್ಡು ಕೊಡುತ್ತಿದ್ದೆವು, ಯಾರೂ ಕೇಳಿರಲಿಲ್ಲ. ಊರು ಬಿಡುವಾಗ ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಏಜೆನ್ಸಿಗೆ ವಾಪಸು ಕೊಟ್ಟು ಟ್ರಾನ್ಸ್‌ಫರ್ ವೋಚರ್ ತಗೋಬೇಕು. ಅದನ್ನು ಹೊಸ ಊರಿನ ಏಜೆನ್ಸಿಗೆ ಕೊಟ್ಟರೆ ಅಲ್ಲಿ ಕನೆಕ್ಷನ್. ಕೇಳಲು ಸುಲಭ. ಕೌಂಟರಿನಲ್ಲಿದ್ದ ಹುಡುಗ ಕಂಪ್ಯೂಟರ್ ನೋಡಿ, "ಮೇಡಂ, ಇವರು ಬರಬೇಕು" ಅಂದ.

"ಅವರು ಇಲ್ಲಪ್ಪ."

"ಊರಿಂದ ಬಂದ ಮೇಲೆ ಕರ್ಕೊಂಡು ಬನ್ನಿ."

ಅತ್ತೆ ಪಕ್ಕದಲ್ಲೇ ಕೂತಿದ್ದರು. "ಅವರು ಹೋಗಿರೋ ಊರಿಂದ ಯಾರೂ ಬರಲ್ಲ ಕಣಪ್ಪ" ಅಂದರು. ಹುಡುಗನ ಮುಖ ಸಣ್ಣದಾಯಿತು. ಕುರ್ಚಿ ಬಿಟ್ಟು ಎದ್ದು ನಿಂತು ಸಾರಿ ಕೇಳಿದ. ಆದರೆ ಕಾಗದದ ಪಟ್ಟಿ ಸಣ್ಣದಾಗಲಿಲ್ಲ. ಮೊದಲು ಹೆಸರು ವಾರಸುದಾರರಿಗೆ ಬದಲಾಗಬೇಕು, ಆಮೇಲೆ ವರ್ಗಾವಣೆ. ಅದಕ್ಕೆ ಮರಣ ಪ್ರಮಾಣ ಪತ್ರ, ಅತ್ತೆಯ ಆಧಾರ್, ಫೋಟೋ, ಬ್ಯಾಂಕ್ ಪಾಸ್‌ಬುಕ್, ಉಳಿದ ವಾರಸುದಾರರಿಂದ ಅಭ್ಯಂತರ ಇಲ್ಲ ಅನ್ನುವ ಪತ್ರ, ಮತ್ತು ಕನೆಕ್ಷನ್ ತಗೊಂಡಾಗ ಕೊಟ್ಟಿದ್ದ ಹಳೇ ವೋಚರ್. ಆ ವೋಚರ್ ಯಾರ ಮನೆಯಲ್ಲಿ ಇರುತ್ತದೆ ಹೇಳಿ? ಸಿಗದಿದ್ದರೆ ಅಫಿಡವಿಟ್ ಮಾಡಿಸಬೇಕು. ಕಲಬುರಗಿಯ ನಾದಿನಿಯ ಸಹಿ ಬೇಕಾಯಿತು. ಅವಳು ಸಹಿ ಮಾಡಿ ಕಳಿಸಿದ ಪತ್ರ ಬರುವ ತನಕ ಕಾದೆವು. ಫೋನಿನಲ್ಲಿ ಕಳಿಸಿದ ಫೋಟೋ ನಡೆಯಲಿಲ್ಲ.

ಎಲ್ಲ ಸೇರಿದ ಮೇಲೆ ಇ-ಕೆವೈಸಿ. ಅತ್ತೆಯ ಬೆರಳು ಮಿಷನ್ನಿಗೆ ಹಿಡಿಸಲಿಲ್ಲ. ಎಲ್ಲ ಬೆರಳೂ ಇಟ್ಟು ನೋಡಿದರು, ಒರೆಸಿ ಇಟ್ಟರು, ಎಣ್ಣೆ ಸವರಿ ಇಟ್ಟರು. ಪಾತ್ರೆ ಉಜ್ಜಿ ಉಜ್ಜಿ ಗೆರೆ ಸವೆದಿವೆ ಅಂತ ಅತ್ತೆಯೇ ತೀರ್ಪು ಕೊಟ್ಟರು. ವಯಸ್ಸಾದವರನ್ನು ಕರೆದೊಯ್ಯುವವರು ಗಮನಿಸಿ: ಬೆರಳು ಬರದಿದ್ದರೆ ಫೋನಿನ ಆ್ಯಪ್‌ನಲ್ಲಿ ಮುಖ ತೋರಿಸಿಯೂ ಇ-ಕೆವೈಸಿ ಆಗುತ್ತದೆ. ನಾವೇ ಕೇಳಬೇಕು, ತಾವಾಗಿ ಯಾರೂ ಹೇಳುವುದಿಲ್ಲ. ಮುಖ ಒಂದೇ ಸಲಕ್ಕೆ ಬಂತು.

ಕನೆಕ್ಷನ್ ಅತ್ತೆಯ ಹೆಸರಿಗೆ ಬಂದ ಮೆಸೇಜನ್ನು ಅವರು ಎರಡು ಸಲ ಓದಿಸಿಕೊಂಡರು. ಮನೆಯಲ್ಲಿ ತಮ್ಮ ಹೆಸರಿನಲ್ಲಿ ಬಂದ ಮೊದಲ ವಸ್ತು ಇದು ಅಂತ. ಅದು ಬಂದ ಮರುದಿನವೇ ಸಿಲಿಂಡರ್ ವಾಪಸು ಕೊಟ್ಟು ವೋಚರ್ ತಂದೆವು.

ಸಿಲಿಂಡರ್ ಕೊಟ್ಟ ಮೇಲೆ ಹಾಸನದ ಕೊನೇ ದಿನಗಳು ಇಂಡಕ್ಷನ್ ಒಲೆಯಲ್ಲೇ ಕಳೆದವು. ಮನೆ ಮಾಲೀಕರು ಸುಣ್ಣ ಬಣ್ಣಕ್ಕೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು ಉಳಿದ ಅಡ್ವಾನ್ಸ್ ಕೊಟ್ಟರು. ಕರಾರಿನಲ್ಲಿ ಹಾಗೆಯೇ ಇತ್ತು, ಜಗಳ ಆಡುವ ಹಾಗಿಲ್ಲ. "ಹಾಸನಾಂಬೆ ಬಾಗಿಲು ತೆಗೆದಾಗ ಬನ್ನಿ, ಇಲ್ಲೇ ಉಳ್ಕೊಳ್ಳಿ" ಅಂದರು. ಆಗ ಊರಿನಲ್ಲಿ ಲಾಡ್ಜ್ ಸಿಗುವುದು ಎಷ್ಟು ಕಷ್ಟ ಅಂತ ಹಾಸನದವರಿಗೆ ಗೊತ್ತು. ಹಿಡಿದುಕೊಂಡ ಬಾಡಿಗೆಯ ಸಿಟ್ಟು ಅರ್ಧ ಇಳಿಯಿತು.

ಹೊಸ ಮನೆಯಲ್ಲಿ ಮೊದಲು ಹಾಲು ಉಕ್ಕಿಸಬೇಕು. ಸಾಮಾನು ಇಳಿಸುವ ಮೊದಲೇ ಅತ್ತೆ ಇಂಡಕ್ಷನ್ ಒಲೆ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಹಾಲಿನ ಪಾತ್ರೆ ಏರಿಸಿದರು. ಹೊರಗೆ ಗಾಳಿ ಮಳೆ. ಸ್ವಿಚ್ ಒತ್ತುತ್ತಲೇ ಕರೆಂಟ್ ಹೋಯಿತು. ಮುಹೂರ್ತ ಮೀರುತ್ತದೆ ಅಂತ ಅತ್ತೆಗೆ ತಳಮಳ. ಲಾರಿಯವನು, "ಅಕ್ಕ, ನಮಗೂ ವಾಪಸ್ ಹೋಗಬೇಕು" ಅಂತ ಬಾಗಿಲಲ್ಲಿ ನಿಂತಿದ್ದ. ಆಗ ಮೇಲಿನ ಮನೆಯ ಅಜ್ಜಿ ಮೆಟ್ಟಿಲಿಳಿದು ಬಂದರು. ಹಿಂದಿನಿಂದ ಅವರ ಮೊಮ್ಮಗ ಅಗ್ಗಿಷ್ಟಿಕೆ ಹಿಡಿದಿದ್ದ. ಮಳೆಗಾಲಕ್ಕೆ ಅಂತ ಅವರು ಆಗಲೇ ಇದ್ದಿಲು ಒಟ್ಟಿಕೊಂಡಿದ್ದರಂತೆ. ಬೀಸಣಿಗೆ ಸಿಗದೆ ನನ್ನ ಕೈಯಲ್ಲಿದ್ದ ಕಾದಂಬರಿಯಲ್ಲೇ ಗಾಳಿ ಹಾಕಿದೆ. ಕೆಂಡ ಕೆಂಪಾಗಿ, ಹಾಲು ಅಂಚಿಗೆ ಬಂದು, ಪೂರ್ವಕ್ಕೋ ಉತ್ತರಕ್ಕೋ ಅಂತ ಸ್ವಲ್ಪ ಯೋಚಿಸಿ, ಕೊನೆಗೆ ನಾಲ್ಕೂ ಕಡೆ ಉಕ್ಕಿತು. ಅಜ್ಜಿ "ಶುಭವಾಯ್ತು" ಅಂದರು. ಹಮಾಲಿಗಳಿಗೂ ಆ ಹಾಲಿನಲ್ಲೇ ಕಾಫಿ ಮಾಡಿದೆವು.

ಮಾರನೇ ದಿನದಿಂದ ವಿಳಾಸದ ಸುತ್ತು. ಗ್ಯಾಸಿನವರಿಗೆ ಹೊಸ ವಿಳಾಸದ ಪುರಾವೆ ಬೇಕು. ಆಧಾರ್ ಕೊಡೋಣ ಅಂದರೆ ಅದರಲ್ಲಿ ಹಾಸನ ಇದೆ. ಆಧಾರ್ ಬದಲಿಸಲು ಕರೆಂಟ್ ಬಿಲ್ಲೋ ಗ್ಯಾಸ್ ಬಿಲ್ಲೋ ಬೇಕು. ಕರೆಂಟ್ ಬಿಲ್ ಮಾಲೀಕರ ಹೆಸರಿನಲ್ಲಿದೆ. ಬ್ಯಾಂಕಿನವರು ಆಧಾರ್ ಬದಲಿಸಿ ತನ್ನಿ ಅಂತಾರೆ. ಈ ಸುತ್ತನ್ನು ಎಲ್ಲಿಂದ ಬಿಚ್ಚಬೇಕು ಅಂತ ತಿಳಿಯಲು ನಮಗೆ ಬಹಳ ದಿನ ಬೇಕಾಯಿತು. ಉತ್ತರ ಬಾಡಿಗೆ ಕರಾರು ಪತ್ರ. ಅದೊಂದು ಸರಿಯಾಗಿದ್ದರೆ ಉಳಿದದ್ದೆಲ್ಲ ಸಾಲಾಗಿ ಬರುತ್ತದೆ.

ಸಣ್ಣ ಊರಿನಲ್ಲಿ ತುಂಬ ಜನ ಬಾಯಿಮಾತಿನಲ್ಲೇ ಮನೆ ಕೊಡುತ್ತಾರೆ. ನಮ್ಮ ಮಾಲೀಕರೂ "ನಂಬಿಕೆ ಮುಖ್ಯ ಬಿಡಿ" ಅಂದಿದ್ದರು. ನಂಬಿಕೆಯನ್ನು ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಲು ಬರುವುದಿಲ್ಲ ಅಂತ ಯಜಮಾನರು ವಿವರಿಸಿದ ಮೇಲೆ ನಕ್ಕು ಒಪ್ಪಿದರು. ಇ-ಸ್ಟಾಂಪ್, ಟೈಪಿಂಗ್, ನೋಟರಿ ಎಲ್ಲ ಸೇರಿ ಸಾವಿರದೊಳಗೆ ಮುಗಿಯಿತು. ಬರೆಸುವಾಗ ಮನೆ ನಂಬರ್, ಅಡ್ಡರಸ್ತೆ, ಬಡಾವಣೆ, ಪಿನ್ ಕೋಡ್ ಎಲ್ಲವೂ ಮುನಿಸಿಪಾಲಿಟಿ ತೆರಿಗೆ ರಸೀದಿಯಲ್ಲಿ ಇರುವ ಹಾಗೆಯೇ ಇರಲಿ. ಟೈಪಿಂಗ್‌ನವರು ಹಳೇ ಕರಾರಿನ ಮೇಲೆಯೇ ಹೊಸ ಹೆಸರು ಕೂರಿಸುತ್ತಾರೆ. ನಮ್ಮ ಕರಾರಿನ ಕೊನೇ ಪುಟದಲ್ಲಿ ಇನ್ಯಾರದೋ ಮನೆಯ ಚಕ್ಕುಬಂದಿ ಉಳಿದುಕೊಂಡಿತ್ತು. ನೋಟರಿ ಮಾಡಿಸುವ ಮೊದಲು ಅಜ್ಜಿಯ ಕಣ್ಣಿಗೆ ಬಿತ್ತು. "ನಮ್ಮ ಮನೆ ಪೂರ್ವಕ್ಕೆ ಯಾವ ಕೆರೆ ಇದೆ?" ಅಂತ ಕೇಳಿದರು.

ಆಧಾರ್ ವಿಳಾಸ ಆನ್‌ಲೈನಿನಲ್ಲೇ ಬದಲಿಸಬಹುದು. ಮೊಬೈಲ್ ನಂಬರ್ ಜೋಡಣೆ ಆಗಿರಬೇಕು, ಒಟಿಪಿ ಅದಕ್ಕೇ ಬರುತ್ತದೆ. ಶುಲ್ಕ ಈಗ 75 ರೂ. ಬಾಡಿಗೆ ಕರಾರು ನೋಂದಣಿ ಆಗಿರದಿದ್ದರೂ ಪುರಾವೆಯಾಗಿ ತಗೋತಾರೆ. ಎಲ್ಲ ಪುಟವನ್ನೂ ಒಂದೇ ಕಡತ ಮಾಡಿ ಹಾಕಬೇಕು. ಸೈಬರ್ ಸೆಂಟರ್ ಒಂದರಲ್ಲಿ ಮೊದಲ ಪುಟ ಮಾತ್ರ ಸ್ಕ್ಯಾನ್ ಮಾಡಿ ಕಳಿಸಿದ್ದರು, ತಿರಸ್ಕೃತ ಆಯಿತು. ಶುಲ್ಕ ಮತ್ತೆ ಕಟ್ಟಬೇಕಾಯಿತು. ಹತ್ತಿರ ನಿಂತು, ಏನು ಹಾಕುತ್ತಾರೆ ಅಂತ ಕಣ್ಣಿಟ್ಟು ನೋಡಿ.

ಕರಾರು ಯಜಮಾನರ ಹೆಸರಿನಲ್ಲಿ ಮಾತ್ರ ಇತ್ತು. ಹಾಗಾದರೆ ನಾನು, ಅತ್ತೆ, ಮಗ? ಅದಕ್ಕೂ ದಾರಿ ಇದೆ. ಕುಟುಂಬದ ಮುಖ್ಯಸ್ಥರ ಆಧಾರ್ ಆಧಾರದ ಮೇಲೆ ಉಳಿದವರ ವಿಳಾಸ ಬದಲಿಸುವ ಸೌಲಭ್ಯ 2023ರಿಂದ ಇದೆ. ಸಂಬಂಧ ತೋರಿಸುವ ಒಂದು ದಾಖಲೆ ಹಾಕಬೇಕು. ಮುಖ್ಯಸ್ಥರು ತಮ್ಮ ಲಾಗಿನ್‌ನಲ್ಲಿ ಹೋಗಿ 30 ದಿನದೊಳಗೆ ಒಪ್ಪಿಗೆ ಕೊಡಬೇಕು. ಆ ಒಪ್ಪಿಗೆ ಕೊಡುವುದೇ ಮರೆತು ಹೋಗುತ್ತದೆ. ನಾನು ದಿನಾ ರಾತ್ರಿ ಊಟ ಬಡಿಸುವಾಗ ನೆನಪಿಸುತ್ತಿದ್ದೆ, ಒಂದು ದಿನ ಬಡಿಸುವ ಮೊದಲೇ ನೆನಪಿಸಿದೆ. ಅವತ್ತು ಆಯಿತು. ಮೊದಲು ಅವರದು ಬದಲಾಗಿ ಬರಲಿ, ಆಮೇಲೆ ಉಳಿದವರದು ಹಾಕಿ.

ಮಗನ ಶಾಲೆಯದು ಬೇಗ ಹೇಳಿ ಮುಗಿಸುತ್ತೇನೆ. ಕಾಗದದ ಟಿ.ಸಿ. ಕೈಯಲ್ಲಿದ್ದರೆ ಸಾಲದು. ಹಳೇ ಶಾಲೆಯವರು ಸ್ಯಾಟ್ಸ್, ಅಂದರೆ ಶಿಕ್ಷಣ ಇಲಾಖೆ ಮಕ್ಕಳ ದಾಖಲೆ ಇಡುವ ತಂತ್ರಾಂಶದಲ್ಲೂ ಟಿ.ಸಿ. ಕೊಟ್ಟಿರಬೇಕು. ಇಲ್ಲದಿದ್ದರೆ ಹೊಸ ಶಾಲೆಯಲ್ಲಿ ಹೆಸರು ಏರುವುದಿಲ್ಲ. ನಮಗೆ ಕಾಗದ ಕೊಟ್ಟು ಕಳಿಸಿದ್ದರು, ಕಂಪ್ಯೂಟರಿನಲ್ಲಿ ಮಗ ಇನ್ನೂ ಹಾಸನದಲ್ಲೇ ಓದುತ್ತಿದ್ದ. ಶಾಲೆ ಬಿಡುವ ದಿನವೇ ಅವರ ಎದುರಿಗೇ ಮಾಡಿಸಿಕೊಂಡು ಬನ್ನಿ. ಸ್ಯಾಟ್ಸ್ ನಂಬರ್ ಬರೆದಿಟ್ಟುಕೊಳ್ಳಿ.

ಕರೆಂಟಿನಲ್ಲಿ ನಾವು ಕಂಪನಿಯೇ ಬದಲಾಗಿದ್ದೆವು. ಹಾಸನ ಜಿಲ್ಲೆ ಮೈಸೂರಿನ ಸೆಸ್ಕ್‌ಗೆ ಸೇರುತ್ತದೆ, ಚಿಕ್ಕಮಗಳೂರು ಮಂಗಳೂರಿನ ಮೆಸ್ಕಾಂಗೆ. ಗೃಹಜ್ಯೋತಿ ಆಧಾರ್ ಮೂಲಕ ಮನೆಯ ಮೀಟರಿಗೆ ಜೋಡಣೆಯಾಗಿರುತ್ತದೆ. ಹಳೇ ಮನೆಯದನ್ನು ಸೇವಾಸಿಂಧು ಜಾಲತಾಣದಲ್ಲಿ ಬಿಡಿಸದೆ ಹೊಸದಕ್ಕೆ ಜೋಡಿಸಲು ಆಗದು. ಬಿಡಿಸದಿದ್ದರೆ ಹಳೇ ಮನೆಗೆ ಬರುವ ಬಾಡಿಗೆದಾರರಿಗೂ ತೊಂದರೆ. ಹೊಸ ಮನೆಯ ಬಿಲ್ಲಿನಲ್ಲಿರುವ ಅಕೌಂಟ್ ಐಡಿ, ಆಧಾರ್, ಒಟಿಪಿ ಇದ್ದರೆ ಕೂತಲ್ಲೇ ಮುಗಿಯುತ್ತದೆ. ಈ ಇಡೀ ಓಡಾಟದಲ್ಲಿ ನೆಮ್ಮದಿಯಾಗಿ ನಡೆದ ಕೆಲಸ ಇದೊಂದೇ. ಸ್ಕ್ರೀನ್ ಮೇಲೆ "ಯಶಸ್ವಿ" ಅಂತ ಬಂದಾಗ ನಾವಿಬ್ಬರೂ ನಂಬದೆ ಮತ್ತೊಮ್ಮೆ ತೆರೆದು ನೋಡಿದೆವು.

ಆಷಾಢ ಹಿಡಿದ ಮೇಲೆ ಮಳೆ ಬಿಡಲಿಲ್ಲ. ಹೆಂಚಿನ ಮಾಡು ಅಲ್ಲ, ಆರ್‌ಸಿಸಿ ಮನೆ, ಏನೂ ಆಗಲ್ಲ ಅಂತ ಯಜಮಾನರು ಧೈರ್ಯ ಹೇಳಿದ್ದರು. ಆದರೂ ನಾನು ಪುಸ್ತಕದ ಬೀರುಗಳನ್ನು ಪಡುವಣ ಗೋಡೆಗೆ ಇಡಲು ಬಿಡಲಿಲ್ಲ. ಮಳೆಯ ಇರಚಲು ಹೊಡೆಯುವುದು ಆ ಕಡೆಯಿಂದಲೇ. ಒಳಗಿನ ಗೋಡೆಗೆ, ಅದರಿಂದಲೂ ನಾಲ್ಕು ಬೆರಳು ಬಿಟ್ಟು ಇಡಿಸಿದೆ. ಅಜ್ಜಿ ಲಕ್ಕಿ ಸೊಪ್ಪು ತಂದು ಕೊಟ್ಟರು. ಒಣಗಿಸಿ ಬಟ್ಟೆಯಲ್ಲಿ ಕಟ್ಟಿ ಪುಸ್ತಕದ ಹಿಂದೆ ಇಟ್ಟರೆ ಹುಳ ಸುಳಿಯುವುದಿಲ್ಲ ಅಂತ ಅವರ ಅನುಭವ. ಬೆಂಗಳೂರಿನಲ್ಲಿರುವ ನನ್ನ ತಮ್ಮ ಸಿಲಿಕಾ ಜೆಲ್ ಪೊಟ್ಟಣ ಕಳಿಸಿದ. ಎರಡನ್ನೂ ಇಟ್ಟಿದ್ದೇನೆ, ಯಾರಿಗೂ ಬೇಜಾರಾಗಬಾರದಲ್ಲ. ಒಂದೆರಡು ಪುಸ್ತಕದ ರಟ್ಟಿನ ಮೇಲೆ ತೆಳ್ಳಗೆ ಬೂಷ್ಟು ಕಂಡಿತು. ಒದ್ದೆ ಬಟ್ಟೆ ಮುಟ್ಟಿಸಬೇಡಿ. ಬಿಸಿಲು ಬಂದ ದಿನ ನೆರಳಲ್ಲಿ ಗಾಳಿಗಿಟ್ಟು, ಒಣ ಬ್ರಷ್ಷಿನಲ್ಲಿ ಮನೆ ಹೊರಗೆ ನಿಂತು ಒರೆಸಿ. ಒಳಗೆ ಒರೆಸಿದರೆ ಬೂಷ್ಟು ಪಕ್ಕದ ಪುಸ್ತಕಕ್ಕೆ ಹೋಗುತ್ತದೆ.

ಚಂದಾ ಕಟ್ಟಿದ್ದ ಮಾಸಪತ್ರಿಕೆ ಹಾಸನಕ್ಕೇ ಹೋಗುತ್ತಿತ್ತು. ಪತ್ರಿಕೆಯವರಿಗೆ ಬರೆದರೂ ಅವರ ಪಟ್ಟಿ ಬದಲಾಗುವ ಹೊತ್ತಿಗೆ ಸಂಚಿಕೆಗಳು ತಪ್ಪುತ್ತವೆ. ಹಾಸನದ ಅಂಚೆ ಕಚೇರಿಯಲ್ಲಿ, ನಮ್ಮ ಹೆಸರಿಗೆ ಬಂದದ್ದನ್ನು ಹೊಸ ವಿಳಾಸಕ್ಕೆ ಕಳಿಸಿ ಅಂತ ಅರ್ಜಿ ಕೊಟ್ಟಿದ್ದೆವು. ಬ್ಯಾಂಕಿನ ಕಾಗದಗಳೂ ಹಾಗೆಯೇ ಬಂದವು. ಊರು ಬಿಡುವ ಮೊದಲೇ ಕೊಡಬಹುದಾದ ಅರ್ಜಿ ಇದು.

ಮುನಿಸಿಪಾಲಿಟಿ ತೆರಿಗೆ ರಸೀದಿಯ ಪ್ರತಿ ಗ್ಯಾಸಿನವರಿಗೆ ಬೇಕು ಅಂತ ಮಾಲೀಕರಿಂದ ಇಸಕೊಂಡಾಗ ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಕಂಡಿತು. ಕರ್ನಾಟಕದಲ್ಲಿ 1965ರ ಗ್ರಂಥಾಲಯ ಕಾಯ್ದೆ ಬಂದಾಗಿನಿಂದ ಆಸ್ತಿ ತೆರಿಗೆಯ ಜೊತೆ ಇದನ್ನು ಕಟ್ಟಿಸಿಕೊಳ್ಳುತ್ತಾರೆ, ತೆರಿಗೆಯ ಮೇಲೆ ಶೇ. 6. ಮಾಲೀಕರು "ಇಷ್ಟು ವರ್ಷ ಕಟ್ಟಿದೀನಿ, ಒಂದಿನ ಆ ಕಡೆ ಹೋಗಿಲ್ಲ" ಅಂದರು. ಹಾಗಾದರೆ ನಿಮ್ಮ ಪಾಲಿನದ್ದೂ ನಾನೇ ಓದಿ ಬರುತ್ತೇನೆ ಅಂತ ಹೊರಟೆ. ಮನೆಯಲ್ಲಿ ಮೂರು ಬೀರು ಇರುವಾಗ ಗ್ರಂಥಾಲಯ ಯಾಕೆ ಅಂತ ಯಜಮಾನರ ಪ್ರಶ್ನೆ. ಸಂಜೆ ಹೊತ್ತು ಎಲ್ಲ ದಿನಪತ್ರಿಕೆಗಳನ್ನೂ ಹರಡಿಕೊಂಡು, ಯಾರ ಜೊತೆಗೂ ಮಾತಾಡದೆ ಒಂದು ಗಂಟೆ ಕೂರುವುದಕ್ಕೆ ಅಂತ ಅವರಿಗೆ ಹೇಳಿದರೆ ಬೇಸರ ಆಗುತ್ತದೆ. ಪತ್ರಿಕೆ ಓದಲು ಏನೂ ಕೊಡಬೇಕಿಲ್ಲ. ಪುಸ್ತಕ ಮನೆಗೆ ಒಯ್ಯಲು ಸದಸ್ಯತ್ವ ಬೇಕು. ಅದಕ್ಕೂ ವಿಳಾಸದ ಪುರಾವೆ! ಅಷ್ಟು ಹೊತ್ತಿಗೆ ನನ್ನ ಹೊಸ ಆಧಾರ್ ಬಂದಿತ್ತು. ಅದನ್ನು ನಾನು ಮೊದಲು ತೋರಿಸಿದ್ದು ಆ ಮೇಜಿನ ಮುಂದೆ.

ಗ್ಯಾಸ್ ಬಂದದ್ದು ಅದಾದ ಸ್ವಲ್ಪ ದಿನಕ್ಕೆ. ಗ್ಯಾಸಿನ ಪುಸ್ತಕದ ಮೇಲೆ ಅತ್ತೆಯ ಹೆಸರು ತಪ್ಪಿಲ್ಲದೆ ಇದೆಯಾ ಅಂತ ಅವರೇ ಕನ್ನಡಕ ಹಾಕಿ ನೋಡಿದರು. ಸಿಲಿಂಡರ್ ತಂದ ಹುಡುಗನಿಗೆ ಕಾಫಿ ಕೊಟ್ಟರು. ಇಲ್ಲಿಯ ಕಾಫಿ ವಿಷಯ ಬರೆಯಲು ಹೋದರೆ ಲೇಖನ ಮುಗಿಯುವುದಿಲ್ಲ. ಕಣ್ಣೆದುರೇ ಬೀಜ ಪುಡಿ ಮಾಡಿ, ಚಿಕೋರಿ ಎಷ್ಟು ಅಂತ ಕೇಳಿ ಬೆರೆಸಿಕೊಡುವ ಅಂಗಡಿ ನಡೆದು ಹೋಗುವ ದೂರದಲ್ಲಿದೆ ಅಂತ ಮಾತ್ರ ಹೇಳುತ್ತೇನೆ. ಪುಡಿಯ ಪೊಟ್ಟಣ ಬೆಚ್ಚಗಿರುತ್ತದೆ.

ಮತದಾರರ ಪಟ್ಟಿಗೆ ನಮೂನೆ 8 ಹಾಕಿ. ಮನೆ ಬದಲಾದವರಿಗೂ ಈಗ ಇದೇ ನಮೂನೆ. ಹಳೇ ಕಡೆ ಹೆಸರು ತೆಗೆಸಲು ಬೇರೆ ಅರ್ಜಿ ಬೇಡ. ಬಿಎಲ್ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮನೆಗೆ ಬಂದು ನೋಡಿಕೊಂಡು ಹೋದರು, ಅಂಗನವಾಡಿ ಟೀಚರ್ ಅವರು. ಲೋಕಸಭೆಗೆ ನಾವಿನ್ನು ಉಡುಪಿ ಚಿಕ್ಕಮಗಳೂರು ಕ್ಷೇತ್ರದವರು. ಅತ್ತೆಗೆ ಇದು ಆಶ್ಚರ್ಯ. "ಕೃಷ್ಣ ಮಠದ ಉಡುಪಿನಾ?" ಅಂತ ಕೇಳಿದರು. ಗಾಡಿಯ ಕೆಎ-13 ನಂಬರ್ ಬದಲಿಸಬೇಕಿಲ್ಲ, ರಾಜ್ಯದೊಳಗೆ ಅದೇ ನಡೆಯುತ್ತದೆ. ಆರ್‌ಸಿಯಲ್ಲಿ ವಿಳಾಸ ಬದಲಿಸಿಕೊಂಡರೆ ಆಯಿತು.

ರೇಷನ್ ಕಾರ್ಡ್ ಒಂದು ಬಾಕಿ ಇದೆ. ಅಕ್ಕಿ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೂ ಸಿಗುತ್ತದೆ, ಅವಸರ ಇಲ್ಲ. ಕಾರ್ಡಿನಲ್ಲಿ ಮನೆಯ ಯಜಮಾನಿ ಅತ್ತೆ. ಗೃಹಲಕ್ಷ್ಮಿಯ 2,000 ಅವರ ಖಾತೆಗೇ ಬರುತ್ತದೆ. ತಿದ್ದುಪಡಿ ಮಾಡಿಸೋಣ ಅಂದರೆ, "ಮುಟ್ಟಿದ ಮೇಲೆ ನಿಂತು ಹೋದ್ರೆ ನೀನು ಕೊಡ್ತೀಯಾ?" ಅಂತ ಕೇಳುತ್ತಾರೆ. ಯಜಮಾನರು ಎರಡು ಸಲ ಮಾತೆತ್ತಿ ಬಿಟ್ಟಿದ್ದಾರೆ. ಕಾರ್ಡ್ ಈಗ ಅತ್ತೆಯ ಟ್ರಂಕಿನಲ್ಲಿದೆ, ಕೀಲಿ ಅವರ ಸೆರಗಿನಲ್ಲಿ.